ನಮ್ಮ ಮನೆಯಲ್ಲಿ ಯಾರೂ ಹಾಗಿರಲಿಲ್ಲ

ನನ್ನ ಮಗಳು ಒಂದು ಕಡೆ ಕೂತು ಊಟ ಮುಗಿಸಿದ್ದನ್ನು ನಾನು ಅವಳ ಹತ್ತನೆಯ ವಯಸ್ಸಿನವರೆಗೂ ನೋಡಲಿಲ್ಲ. ಒಂದು ತುತ್ತು ಬಾಯಿಗೆ ಹಾಕಿಕೊಂಡು ತಲೆಬಾಗಿಲಿಗೆ ಹೋಗಿಬರುವಳು, ಇನ್ನೊಂದು ತುತ್ತಿಗೆ ಬಚ್ಚಲವರೆಗೆ. ರೊಟ್ಟಿ ಮುಗಿಯುವ ಹೊತ್ತಿಗೆ ಮನೆಯ ಎಲ್ಲ ಬಾಗಿಲುಗಳನ್ನೂ ಮುಟ್ಟಿ ಬಂದಿರುತ್ತಿದ್ದಳು. ಎಪ್ಪತ್ತರ ದಶಕದ ಕೊನೆಯ ವರ್ಷಗಳು. ನಾವು ಇಳಕಲ್ಲಿನ ಮಗ್ಗದ ಓಣಿಯೊಂದರಲ್ಲಿ ಬಾಡಿಗೆಗೆ ಇದ್ದೆವು. ನಾನು ಪ್ರಾಥಮಿಕ ಶಾಲೆಯ ಮಾಸ್ತರ. ಮನೆಯಲ್ಲಿ ನನ್ನ ಹೆಂಡತಿ, ಒಬ್ಬಳೇ ಮಗಳು, ಅಪ್ಪ ತೀರಿದ ಮೇಲೆ ಗುಡೂರಿನಿಂದ ಬಂದು ನಮ್ಮ ಜೊತೆಗಿದ್ದ ನನ್ನ ಅವ್ವ.

ನಾನು ಕಲಿಸುವ ಶಾಲೆಗೇ ಅವಳನ್ನು ಹಾಕಿದ್ದೆ. ಅದೇ ಮೊದಲನೆಯ ತಪ್ಪು. ಪ್ರಶ್ನೆ ಮುಗಿಯುವ ಮೊದಲೇ ಉತ್ತರ ಹೇಳಿಬಿಡುವಳು. ಲೆಕ್ಕ ಶುರುಮಾಡಿದರೆ ಎರಡು ಸಾಲು ಸರಿಯಾಗಿ ಬರುತ್ತಿತ್ತು, ಮೂರನೆಯ ಸಾಲಿಗೆ ಅವಳ ಕಣ್ಣು ಹಂಚಿನ ಮೇಲಿನ ಗುಬ್ಬಿಯ ಹತ್ತಿರ ಇರುತ್ತಿತ್ತು. ಒಂದು ತಾಸಿನಲ್ಲಿ ಐದು ಸಲ ನೀರು ಕುಡಿಯಲು ಹೋಗುವಳು. ಬಳಪ, ಪಾಟಿ, ಒಂದು ಕಾಲಿನ ಚಪ್ಪಲಿ, ಯಾವುದು ಎಲ್ಲಿ ಬಿತ್ತೆಂದು ಅವಳಿಗೆ ತಿಳಿಯುತ್ತಿರಲಿಲ್ಲ. ದಡ್ಡಿ ಅಂತೂ ಅಲ್ಲ. ಆರು ತಿಂಗಳ ಹಿಂದೆ ನಮ್ಮ ಮನೆಗೆ ಬಂದ ನೆಂಟರು ಯಾವ ಬಣ್ಣದ ರುಮಾಲು ಸುತ್ತಿದ್ದರೆಂದು ಹೇಳಬಲ್ಲಳು. ಆದರೆ ಅದಕ್ಕೆ ಯಾವ ಶಾಲೆ ಅಂಕ ಕೊಡುತ್ತದೆ? ಅವಳ ವರ್ಗದ ಮಾಸ್ತರರು ಎಲ್ಲರ ಮುಂದೆ, ಚಹಾ ಕುಡಿಯುತ್ತ, ನನ್ನ ಕಡೆ ತಿರುಗಿ ಅಂದರು: "ಮಾಸ್ತರ ಮಗಳೇ ಹಿಂಗಾದ್ರ, ಉಳಿದ ಹುಡುಗ್ರಿಗೆ ಏನ್ ಹೇಳೂದ್ರಿ?" ನಾನು ನಕ್ಕೆ. ಮನೆಗೆ ಬಂದು ಅವಳ ಬೆನ್ನಿಗೆ ಬಾರಿಸಿದೆ.

ನಮ್ಮ ಕಡೆ ಮಗು ಹೇಗೇ ಇರಲಿ, ಮೊದಲು ಕೇಳುವ ಮಾತು ಒಂದೇ: "ಇಕಿ ಯಾರ ಮ್ಯಾಲೆ ಬಂದಾಳ?" ಮೂಗು ಚೆಂದವಿದ್ದರೆ ಎರಡೂ ಮನೆತನದವರು ನಮ್ಮದೆನ್ನುತ್ತಾರೆ. ಕಾಲು ನಿಲ್ಲದಿದ್ದರೆ ಎರಡೂ ಕಡೆಯವರು ಆ ಕಡೆ ಕೈ ತೋರಿಸುತ್ತಾರೆ. ನನ್ನ ಹೆಂಡತಿಯ ತವರು ಬಾದಾಮಿ. ಅಲ್ಲಿ ಅವಳ ಅಣ್ಣನೊಬ್ಬನಿದ್ದ. ಕಿರಾಣಿ ಅಂಗಡಿಯಲ್ಲಿ ಆರು ತಿಂಗಳು, ಬಸ್ಸಿನಲ್ಲಿ ಕ್ಲೀನರ್ ಆಗಿ ಒಂದು ವರ್ಷ, ಆಮೇಲೆ ಗುಹೆ ನೋಡಲು ಬಂದವರಿಗೆ ದಾರಿ ತೋರಿಸುತ್ತ ತಿರುಗಾಡುವ ಕೆಲಸ. ಹಸನ್ಮುಖಿ, ಯಾರಿಗೂ ಕೆಟ್ಟದ್ದು ಬಯಸದವನು. ನನಗೆ ಅಷ್ಟೇ ಸಾಕಾಯಿತು. "ನಿಮ್ಮಣ್ಣನ ಮ್ಯಾಲೆ ಬಂದಾಳ, ಮತ್ತೇನಿಲ್ಲ" ಎಂದು ತೀರ್ಪು ಕೊಟ್ಟೆ. ಹೆಂಡತಿ ಮೊದಮೊದಲು ವಾದಿಸುತ್ತಿದ್ದಳು. ಬರಬರುತ್ತ ಸುಮ್ಮನಾದಳು. ನಾನು ಹಾಗೆ ಅಂದಾಗಲೆಲ್ಲ ಅವ್ವ ಒಲೆಯ ಮುಂದಿನಿಂದ ಎದ್ದು ಹೊರಗೆ ಹೋಗುತ್ತಿದ್ದಳು. ಯಾಕೆಂದು ನನಗೆ ಗೊತ್ತಿತ್ತು.

ಮಗಳಿಗೆ ಏಳು ವರ್ಷವಾದಾಗ ನನಗೊಂದು ಉಪಾಯ ಹೊಳೆಯಿತು. ಅವಳಿಗೆ ಆಗಲೇ ಲಿಂಗದೀಕ್ಷೆ ಆಗಿತ್ತು. ದಿನವೂ ಸ್ನಾನ ಮಾಡಿ, ಎಡಗೈಯಲ್ಲಿ ಇಷ್ಟಲಿಂಗ ಇಟ್ಟುಕೊಂಡು, ಒಂದಿಷ್ಟು ಹೊತ್ತು ದೃಷ್ಟಿಯಿಟ್ಟು ನೋಡುವುದು ನಮ್ಮ ಮನೆಯ ಪದ್ಧತಿ. ಮಕ್ಕಳಿಗೆ ಅದೊಂದು ಗಳಿಗೆಯ ಕೆಲಸ, ಕೈಮುಗಿದು ಏಳುತ್ತಾರೆ. ನಾನು ಅದನ್ನು ಕೂರುವ ತಾಲೀಮು ಮಾಡಿದೆ. ಮುಂದೆ ಟೈಂಪೀಸ್ ಇಟ್ಟೆ. ಇಪ್ಪತ್ತು ನಿಮಿಷ ಕಣ್ಣು ಆಚೀಚೆ ಹೋಗಕೂಡದು, ಕೈ ಅಲುಗಕೂಡದು. ದೇವರ ಮುಂದೆಯಾದರೂ ಕೂತಾಳೆಂದು ನನ್ನ ಎಣಿಕೆ. ಭಕ್ತಿ ಕಲಿಸುತ್ತಿದ್ದೇನೆ ಎಂದುಕೊಂಡಿದ್ದೆ. ದೇವರನ್ನು ಛಡಿಯ ಹಾಗೆ ಬಳಸುತ್ತಿದ್ದೆ.

ಆರನೆಯ ದಿನವೋ ಏಳನೆಯ ದಿನವೋ, ಓಣಿಯಲ್ಲಿ ಯಾರೋ ಕೂಗಿದರು. ಮಗಳು ತಿರುಗಿದಳು. ಲಿಂಗ ಕೈಯಿಂದ ಜಾರಿ ಬಂಡೆಗಲ್ಲಿನ ನೆಲಕ್ಕೆ ಬಿತ್ತು. ಲಿಂಗದ ಮೇಲಿನ ಕರಿಯ ಲೇಪದ ಕಂತಿ ಒಡೆದು ಒಂದು ಚೂರು ಗೋಡೆಯವರೆಗೆ ಸಿಡಿಯಿತು. ನನ್ನ ಕೈ ಎದ್ದಿದ್ದು ನನಗೇ ತಿಳಿಯಲಿಲ್ಲ. ಅವಳ ಕೆನ್ನೆಯ ಮೇಲೆ ಬೆರಳುಗಳು ಮೂಡಿದವು. ನನ್ನ ಹೆಂಡತಿ ಕಂತಿಯ ಚೂರುಗಳನ್ನು ಒಂದೊಂದಾಗಿ ಆರಿಸಿ ಸೆರಗಿನಲ್ಲಿ ಕಟ್ಟಿಕೊಂಡಳು. ದೀಕ್ಷೆ ಕೊಟ್ಟ ಅಯ್ಯನವರು ಬರುವವರೆಗೆ ನೀರೂ ಮುಟ್ಟಲಿಲ್ಲ. ಅಯ್ಯನವರು ಬಂದು ನೋಡಿ, "ಹೊಸ ಕಂತಿ ಹಾಕಿ ಕೊಡ್ತೇನಿ. ಹುಡುಗಿನ್ನ ಹೊಡಿಬ್ಯಾಡ್ರಿ" ಎಂದು ಲಿಂಗ ತೆಗೆದುಕೊಂಡು ಹೋದರು. ಮರಳಿ ಬರಲು ನಾಲ್ಕು ದಿನ ಹಿಡಿಯಿತು. ಆ ನಾಲ್ಕೂ ದಿನ ಮಗಳು ಕೊರಳಲ್ಲಿದ್ದ, ಲಿಂಗವಿಲ್ಲದ ಖಾಲಿ ಕರಡಿಗೆಯನ್ನು ಮುಟ್ಟಿ ಮುಟ್ಟಿ ನೋಡಿಕೊಳ್ಳುತ್ತ ತಾಯಿಯನ್ನು ಕೇಳುತ್ತಿದ್ದಳು: "ಅವ್ವಾ, ನಾ ಸುಮ್ನ ಕುಂದ್ರೂದಿಲ್ಲಂತ ದೇವರು ನನ್ನ ಬಿಟ್ಟ ಹೋದ್ನೇನ?"

ಲಿಂಗ ಬಿದ್ದ ದಿನದ ಸಂಜೆಯೇ ನನ್ನ ಅವ್ವ ನನ್ನನ್ನು ಹಿತ್ತಲಿಗೆ ಕರೆದಿದ್ದಳು.

"ನೀ ಲಿಂಗ ಎಷ್ಟ ಸಲ ಕೆಡವಿದ್ದಿ, ನೆನಪೈತೇನು? ಮೂರ ಸಲ. ಒಂದ ಸಲ ಬಾವ್ಯಾಗ ಒಗದಿದ್ದಿ, ನಿಮ್ಮಪ್ಪ ಬಾವಿ ನೀರ ತಗಿಸಿದ್ದ."

ನಾನು ಬೇಲಿಯ ಕಡ್ಡಿಯೊಂದನ್ನು ಮುರಿಯುತ್ತ ನಿಂತೆ.

"ನಿನಗ ಒಂದ ಏಟಾದ್ರೂ ಬಿತ್ತೇನು? ಹೇಳು. ನಿಮ್ಮಪ್ಪಗ ಗೊತ್ತಿತ್ತು, ಈ ಹುಡುಗನ ಕಾಲಾಗ ಏನೋ ಐತಿ, ಅದನ್ನ ಮೊದಲ ಖಾಲಿ ಮಾಡ್ಬೇಕಂತ. ಈಗ ಮಗಳ ಕಾಲಾಗ ಇರೂದ ನಿನ್ನ ಕೈಯಾಗ ಏಟಾಗಿ ಬಂದು ಕುಂತೈತಿ, ತಮ್ಮಾ. ಎರಡೂ ಒಂದ."

ಅವ್ವ ಹೇಳಿದ್ದು ಅಕ್ಷರಶಃ ನಿಜ. ಗುಡೂರಿನಲ್ಲಿ ನಾನು ಹೇಗಿದ್ದೆನೆಂದರೆ, ನನ್ನನ್ನು ಕಂಡರೆ ಕಣದಲ್ಲಿ ಜೋಳ ತೂರುವವರು ಮೊರ ಎತ್ತಿಡುತ್ತಿದ್ದರು. ಮೊದಲ ಮೂರು ಇಯತ್ತೆ ಮುಗಿಸಲು ಐದು ವರ್ಷ ತೆಗೆದುಕೊಂಡೆ. ಅಪ್ಪ ಒಕ್ಕಲುತನ ಮಾಡುವವನು, ಸಹಿ ಮಾಡುವಷ್ಟೇ ಓದು. ಆದರೆ ನನ್ನನ್ನು ಅವನಷ್ಟು ಚೆನ್ನಾಗಿ ಓದಿಕೊಂಡವರು ಬೇರೆ ಯಾರೂ ಇಲ್ಲ. ಪೂಜೆಯ ಓಡಾಟವೆಲ್ಲ ನನ್ನ ಪಾಲಿಗೆ ಬಿಡುತ್ತಿದ್ದ. ಬಾವಿಯಿಂದ ಸಣ್ಣ ಚರಿಗೆಯಲ್ಲಿ ನಾಲ್ಕು ಸಲ ನೀರು. ಹೊಲದ ಆ ತುದಿಯ ಗಿಡದಿಂದ ಪತ್ರಿ. ಅದು ಸಾಲದೆಂದು ಇನ್ನೊಮ್ಮೆ ಹೂವಿಗೆ. ಏದುಸಿರು ಬಿಡುತ್ತ ಬಂದಾಗ, "ಬಾ, ಈಗ ಕುಂದ್ರು" ಎಂದು ಪಕ್ಕದಲ್ಲಿ ಕೂರಿಸಿಕೊಂಡು ಬೆರಳಿನ ಗೆಣ್ಣಿನಲ್ಲಿ ನೂರು ಎಣಿಸುವನು. ನೂರಕ್ಕೆ ಬಿಡುಗಡೆ. ಓದೂ ಹಾಗೆಯೇ. ಅವನು ಕುಂಟೆ ಹೊಡೆಯುತ್ತಿದ್ದರೆ ನಾನು ಹಿಂದೆ ಹಿಂದೆ ನಡೆಯುತ್ತ ಪುಸ್ತಕ ಗಟ್ಟಿಯಾಗಿ ಓದಬೇಕು. ಎತ್ತು ತಿರುಗುವ ಕಡೆ ಪುಟ ತಿರುಗಿಸುತ್ತಿದ್ದೆ. ನಾನು ಮಾಸ್ತರನಾದದ್ದು ಹೀಗೆ, ನಡೆಯುತ್ತ ನಡೆಯುತ್ತ.

ಮಾಸ್ತರಿಕೆಯೂ ನನಗೆ ಒಗ್ಗಿದ್ದು ಇದೇ ಕಾರಣಕ್ಕೆ ಎಂದು ಈಗ ಅನಿಸುತ್ತದೆ. ಶಾಲೆಯಲ್ಲಿ ತಿರುಗಾಡಲು ಪರವಾನಗಿ ಇರುವವನು ಮಾಸ್ತರ ಒಬ್ಬನೇ. ಇಡೀ ದಿನ ಗೋಡೆಯಿಂದ ಗೋಡೆಗೆ ಅಡ್ಡಾಡುತ್ತ, ನಲವತ್ತು ಮಕ್ಕಳಿಗೆ ಅಲುಗಬೇಡಿರೆಂದು ಗದರಿಸುತ್ತಿದ್ದೆ. ವರ್ಷಕ್ಕೊಂದು ಛತ್ರಿ ಕಳೆಯುತ್ತಿದ್ದೆ. ಅದರ ಮೇಲೆ, ನಾನು ಚಿಕ್ಕಂದಿನಲ್ಲಿ ಕಂದೀಲಿನ ಮುಂದೆ ಕೂತರೆ ಎಣ್ಣೆ ಮುಗಿಯುವವರೆಗೆ ಏಳುತ್ತಿರಲಿಲ್ಲ ಎಂದು ಮಕ್ಕಳಿಗೆ ಕತೆ ಬೇರೆ ಕಟ್ಟಿದ್ದೆ. ನನ್ನ ಮಗಳೂ ಆ ಕತೆ ಕೇಳಿ ಬೆಳೆದವಳು. ಹಾಗಾಗಿ ಆ ಸಂಜೆ ಹಿತ್ತಲಿನಲ್ಲಿ ಅವ್ವನ ಕೈ ಹಿಡಿದುಕೊಂಡು, "ಇದನ್ನ ಮನ್ಯಾಗ ಯಾರ ಮುಂದೂ ಹೇಳಬ್ಯಾಡಬೇ, ನನ್ನ ಆಣಿ ಐತಿ" ಎಂದೆ. ಅವ್ವ ನನ್ನ ಮುಖ ನೋಡಿದಳು. ಮಗನ ಆಣೆ ಮೀರುವ ಹೆಂಗಸಲ್ಲ ಅವಳು. ಹೇಳಲಿಲ್ಲ.

ಮುಂದಿನ ವರ್ಷ ಹೆಂಡತಿಯ ಒತ್ತಾಯಕ್ಕೆ ಮಗಳನ್ನು ಬಾಗಲಕೋಟೆಗೆ ಕರೆದುಕೊಂಡು ಹೋದೆವು. ವಿದ್ಯಾಗಿರಿಯ ಕಡೆ ಮನೆಯ ಮುಂದಿನ ಕೋಣೆಯಲ್ಲೇ ದವಾಖಾನೆ ಇಟ್ಟುಕೊಂಡಿದ್ದ ವಯಸ್ಸಾದ ಡಾಕ್ಟರೊಬ್ಬರಿದ್ದರು, ಮಕ್ಕಳನ್ನು ಚೆನ್ನಾಗಿ ನೋಡುತ್ತಾರೆಂದು ಹೆಸರು. ಅವರು ಮಗಳ ಕಿವಿ, ಕಣ್ಣು, ಎದೆ ಪರೀಕ್ಷಿಸಿದರು. ಅಷ್ಟರಲ್ಲಿ ಅವಳು ಅವರ ಮೇಜಿನ ಮೇಲೆ ಕಾಗದ ಹಾರದಂತೆ ಇಟ್ಟಿದ್ದ ಗಾಜಿನ ಗುಂಡನ್ನು ಮೂರು ಸಲ ಎತ್ತಿ ಇಟ್ಟಿದ್ದಳು. ಡಾಕ್ಟರು ನಕ್ಕರು.

"ರೋಗ ಏನಿಲ್ಲ ಮಾಸ್ತರ. ಇಂಥಾ ಮಕ್ಕಳು ಇರ್ತಾವ. ಇದಕ್ಕ ನನ್ನ ಹತ್ರ ಬಾಟಲಿ ಔಷಧ ಇಲ್ಲ. ಒಂದ ಮಾತ ಕೇಳ್ತೇನಿ, ವಿಚಾರ ಮಾಡಿ ಹೇಳ್ರಿ. ನಿಮ್ಮ ಮನೆತನದಾಗ, ಇವರ ಮನೆತನದಾಗ, ಸಣ್ಣವರಿದ್ದಾಗ ಯಾರರೆ ಹಿಂಗ ಇದ್ರೇನು?"

ಹೆಂಡತಿ ನನ್ನ ಕಡೆ ನೋಡಿದಳು. ಮಗಳೂ ಗಾಜಿನ ಗುಂಡು ಕೈಯಲ್ಲಿ ಹಿಡಿದುಕೊಂಡೇ ನನ್ನ ಕಡೆ ನೋಡಿದಳು. ಅವಳಿಗೆ ಆಗ ಎಂಟು ವರ್ಷ, ಎಲ್ಲ ತಿಳಿಯುತ್ತಿತ್ತು.

"ನಮ್ಮ ಮನ್ಯಾಗ ಯಾರೂ ಹಂಗ ಇರ್ಲಿಲ್ರಿ" ಎಂದೆ.

"ಇದ್ದಿದ್ರ ಚಲೋ ಇತ್ತು" ಎಂದರು ಡಾಕ್ಟರು. "ಅಂಥವರನ್ನ ಯಾರು ಹೆಂಗ ಸಂಭಾಳಿಸಿದ್ರು ಅಂತ ಕೇಳ್ಕೊಂಡು, ಹಂಗ ಮಾಡ್ರಿ ಅಂತ ಹೇಳ್ತಿದ್ದೆ. ಅದಕ್ಕಿಂತ ದೊಡ್ಡ ಔಷಧ ಇಲ್ಲ. ಹೋಗ್ಲಿ. ಹೊಡಿಬ್ಯಾಡ್ರಿ. ಸಣ್ಣ ಸಣ್ಣ ಕೆಲಸ ಹೇಳ್ರಿ. ನಡುವ ಓಡ್ಲಿಕ್ಕೆ ಬಿಡ್ರಿ."

ಆ ಔಷಧ ನನ್ನ ಮನೆಯ ಒಲೆಯ ಮುಂದೆ ರೊಟ್ಟಿ ಬಡಿಯುತ್ತ ಕೂತಿತ್ತು. ನಾನು ಬಾಯಿ ಬಿಟ್ಟಿದ್ದರೆ ಸಾಕಿತ್ತು. ಬಸ್ಸಿನಲ್ಲಿ ಹೆಂಡತಿ ಕಿಟಕಿಯ ಕಡೆ ಮುಖ ಮಾಡಿಕೊಂಡು ಕೂತಳು. ಹುನಗುಂದ ದಾಟುವಾಗ ತಾನಾಗಿಯೇ ಅಂದಳು: "ನಮ್ಮಣ್ಣನ ಮ್ಯಾಲೇ ಬಂದಿರ್ಬೇಕ್ ಬಿಡ್ರಿ. ನನ್ನ ಕಡಿಂದ ಬಂದದ್ದು." ನಾನು ಅಲ್ಲ ಅನ್ನಲಿಲ್ಲ. ಆ ಸುಮ್ಮನಿರುವಿಕೆಯನ್ನು ನೆನೆದರೆ ಇವತ್ತಿಗೂ ನನಗೆ ನನ್ನ ಮೇಲೆ ಹೇಸಿಗೆಯಾಗುತ್ತದೆ.

ಇದಾದ ಎರಡು ವರ್ಷಕ್ಕೆ ಮಗಳು ತನ್ನ ಔಷಧವನ್ನು ತಾನೇ ಹುಡುಕಿಕೊಂಡಳು. ಪಕ್ಕದ ಮನೆಯವರು ನೇಕಾರರು. ಸೀರೆಯ ಹಾಸು, ಅಂದರೆ ಉದ್ದ ಎಳೆಗಳು, ತಯಾರು ಮಾಡುವಾಗ ಓಣಿಯ ಉದ್ದಕ್ಕೂ ಗೂಟ ಹುಗಿದು ನೂಲು ಎಳೆಯುತ್ತಿದ್ದರು. ಯಾರಾದರೂ ಈ ತುದಿಯಿಂದ ಆ ತುದಿಗೆ ನಡೆಯುತ್ತಲೇ ಇರಬೇಕು, ತುಂಡಾದ ಎಳೆ ಕಂಡರೆ ನಿಂತು ಗಂಟು ಹಾಕಬೇಕು. ಒಂದು ದಿನ ಶಾಲೆಯಿಂದ ಬೇಗ ಬಂದ ನಾನು ಓಣಿಯ ತಿರುವಿನಲ್ಲಿ ನಿಂತೆ. ನನ್ನ ಮಗಳು ಹಾಸಿನ ಪಕ್ಕ ನಡೆಯುತ್ತಿದ್ದಳು. ನಡೆಯುತ್ತ ಹದಿನೇಳರ ಮಗ್ಗಿ ಹೇಳುತ್ತಿದ್ದಳು. ಹದಿನೇಳು ಮುಗಿಯಿತು, ಹದಿನೆಂಟು ಬಂತು, ಎಲ್ಲೂ ತಡವರಿಸಲಿಲ್ಲ. ನನ್ನ ಮುಂದೆ ಕೂತಾಗ ಏಳರ ಮಗ್ಗಿಯಲ್ಲೇ ಮುಗ್ಗರಿಸುತ್ತಿದ್ದ ಹುಡುಗಿ! ನಡುವೆ ಎಳೆಯೊಂದು ತುಂಡಾದದ್ದು ಅವಳಿಗೇ ಮೊದಲು ಕಂಡಿತು. ನಿಂತಳು, ಗಂಟು ಹಾಕಿದಳು, ಬಿಟ್ಟಲ್ಲಿಂದ ಮಗ್ಗಿ ಹಿಡಿದಳು.

ನೇಕಾರರ ಮನೆಯ ಹಿರಿಯ ಹೆಂಗಸು ನನ್ನನ್ನು ಕಂಡು ಕೂಗಿದಳು: "ಮಾಸ್ತರ, ನಿಮ್ಮ ಮಗಳ ಕಣ್ಣ ಭಾಳ ಚೂಟಿ ಅದಾವ ನೋಡ್ರಿ! ದಿನಾ ಕಳಸ್ರಿ."

ಅದು ಅಪ್ಪನ ಕುಂಟೆಯ ಸಾಲೇ ಎಂದು ನನಗೆ ಆ ಗಳಿಗೆಯಲ್ಲೇ ಗೊತ್ತಾಯಿತು. ಗೊತ್ತಾಗಲಿಲ್ಲವೆಂದು ಹೇಳಿದರೆ ಇನ್ನೊಂದು ಸುಳ್ಳಾಗುತ್ತದೆ. ಆದರೆ ಅದೇ ಹೊತ್ತಿಗೆ ನಮ್ಮ ಶಾಲೆಯ ಇಬ್ಬರು ಮಾಸ್ತರರು ಸೈಕಲ್ ತಳ್ಳಿಕೊಂಡು ಆ ದಾರಿಯಲ್ಲಿ ಬಂದರು. ಒಬ್ಬರು ನಿಂತು ನೋಡಿದರು. ನಾನು ಹೋಗಿ ಮಗಳ ರಟ್ಟೆ ಹಿಡಿದು ಮನೆಗೆ ಎಳೆದುಕೊಂಡು ಬಂದೆ. "ಮಾಸ್ತರ ಮಗಳು ಓಣ್ಯಾಗ ಹಾಸು ಹಾಕ್ತಾಳಂತ ಊರ ಮಂದಿ ನಗಬೇಕೇನು?" ಎಂದೆ. ಅವಳು ಅಳುತ್ತ, "ಅಪ್ಪಾ, ಅಲ್ಲೆ ನನಗ ಮಗ್ಗಿ ಬರ್ತಾವೋ" ಎಂದಳು. ಆ ಮಾತು ಕೇಳಿಸಿಕೊಂಡೂ ಬಾಗಿಲಿಗೆ ಅಗಳಿ ಹಾಕಿದೆ. ಕೆಲ ತಿಂಗಳಿಗೆ ಹುನಗುಂದಕ್ಕೆ ವರ್ಗ ಕೇಳಿ ಪಡೆದೆ. ಶಾಲೆಯ ಎದುರಿಗೇ ಮನೆ. ಅಲ್ಲಿ ಮಗ್ಗವೂ ಇರಲಿಲ್ಲ, ಹಾಸೂ ಇರಲಿಲ್ಲ. ದಿನಕ್ಕೆ ಮೂರು ತಾಸು ನನ್ನ ಕಣ್ಣೆದುರು ಅಭ್ಯಾಸ.

ಏಳನೆಯ ಇಯತ್ತೆಯ ಮುಲ್ಕಿ ಪರೀಕ್ಷೆಗೆ ಅವಳು ಕೂತಾಗ ಎಂಬತ್ತರ ದಶಕ ಅರ್ಧಕ್ಕೆ ಬಂದಿತ್ತು. ಬೆಳಗ್ಗೆ ಕಳಿಸುವಾಗ ನಾನು ಕೊಟ್ಟ ಬುದ್ಧಿಮಾತು ಒಂದೇ: "ಘಂಟಿ ಆಗೂತನ ಏಳಬ್ಯಾಡ." ಅವಳು ಏಳಲಿಲ್ಲ. ಮೂರು ತಾಸು ಕೂತಳು. ಆದರೆ ಕೂರುವುದಕ್ಕೇ ಅವಳ ಶಕ್ತಿಯೆಲ್ಲ ಹೋಯಿತು. ಗಣಿತದ ಕಾಗದದಲ್ಲಿ ಎರಡು ಲೆಕ್ಕ ಮಾಡಿ ಉಳಿದದ್ದನ್ನು ಬಿಟ್ಟು ಬಂದಿದ್ದಳು. ನಪಾಸಾದಳು. ನಾನು ಬಯ್ಯಲು ಬಾಯಿ ತೆರೆಯುವ ಮೊದಲೇ ಅವಳೇ ಹೇಳಿದಳು: "ನನ್ನ ತಲಿನ ಸರಿ ಇಲ್ಲ ಅಪ್ಪಾ. ಸಾಲಿ ಬಿಡಸು." ಬಿಡಿಸಿದೆ. ಒತ್ತಾಯ ಮಾಡುವ ಮುಖ ನನಗಿರಲಿಲ್ಲ.

ಆಮೇಲೆ ಅವಳು ನಿಜಕ್ಕೂ ಕೂತುಬಿಟ್ಟಳು. ಜೋಳ ಹಸನು ಮಾಡಲು ಮೊರ ಹಿಡಿದು ಪಡಸಾಲೆಯ ಕಂಬಕ್ಕೆ ಒರಗಿ ಕೂತರೆ ಯಾರಾದರೂ ಕರೆಯುವವರೆಗೆ ಏಳುತ್ತಿರಲಿಲ್ಲ. ಮಾತು ಕಡಿಮೆಯಾಯಿತು. ನಗು ಬಂದರೆ ಬಾಯಿಗೆ ಕೈ ಅಡ್ಡ ಹಿಡಿಯುವಳು. ನೆಂಟರು ಬಂದು, "ಎಷ್ಟ ಶಾಂತ ಆಗ್ಯಾಳ" ಎನ್ನುತ್ತಿದ್ದರು. ಅಂತೂ ನನ್ನ ಶಿಸ್ತು ಫಲ ಕೊಟ್ಟಿತೆಂದು ನಾನೂ ಕೆಲವು ದಿನ ನಂಬಿದ್ದೆ.

ಈಗ ಇದಕ್ಕೊಂದು ಹೆಸರಿದೆ. ಎಡಿಎಚ್‌ಡಿ ಅನ್ನುತ್ತಾರೆ. ರಕ್ತದಲ್ಲಿ ಇಳಿದು ಬರುತ್ತದೆ, ತಂದೆಗಿದ್ದರೆ ತಾಯಿಗಿದ್ದರೆ ಮಕ್ಕಳಿಗೂ ಬರುವುದುಂಟು. ಆದರೆ ಅದು ಮಗುವನ್ನು ಎಷ್ಟು ಕಾಡುತ್ತದೆ ಎನ್ನುವುದರಲ್ಲಿ ಮನೆಯ ಪಾಲೂ ದೊಡ್ಡದು ಎಂದು ಬಲ್ಲವರು ಹೇಳುತ್ತಾರೆ. ಬೈದು ಹೊಡೆದು ಬರುವಂಥದ್ದಲ್ಲ, ಬೈದು ಹೊಡೆದರೆ ಹೋಗುವಂಥದ್ದೂ ಅಲ್ಲ, ಹೆಚ್ಚುತ್ತದೆ ಅಷ್ಟೇ. ಇದನ್ನೆಲ್ಲ ಮುದುಕನಾದ ಮೇಲೆ ಓದಿ ತಿಳಿದೆ. ಆಗ ಗೊತ್ತಿರಲಿಲ್ಲ ಎಂದು ತಪ್ಪಿಸಿಕೊಳ್ಳಬಹುದಿತ್ತು. ಬೇರೆಯವರು ಹಾಗೆ ಹೇಳಿದರೆ ಒಪ್ಪುತ್ತೇನೆ. ನನ್ನ ಪಾಲಿಗೆ ಅದು ನೆವ. ಹೆಸರು ಗೊತ್ತಿಲ್ಲದ ನನ್ನಪ್ಪ ಉಪಾಯ ಕಂಡುಕೊಂಡಿದ್ದ, ಅದು ನನಗೆ ಗೊತ್ತಿತ್ತು. ನನ್ನ ಚಡಪಡಿಕೆ ನಾನು ಬೇಡವೆಂದರೂ ಮಗಳಿಗೆ ಹೋಯಿತು. ಅಪ್ಪನ ತಾಳ್ಮೆ ತಾನಾಗಿ ಹೋಗುವಂಥದ್ದಾಗಿರಲಿಲ್ಲ, ಅದನ್ನು ನಾನು ಕೈಯಾರೆ ಕೊಡಬೇಕಿತ್ತು. ಕೊಡಲಿಲ್ಲ. ಚಡಪಡಿಸುವ ಮಗುವಿಗೆ ಚಡಪಡಿಸುವ ಅಪ್ಪನೇ ಸಿಕ್ಕು, ಅವನ ಸಿಟ್ಟೇ ಅವಳ ಮನೆಯಾಯಿತು.

ಎಂಬತ್ತರ ದಶಕ ಮುಗಿಯುತ್ತ ಬಂದಾಗ ಅವ್ವ ತೀರಿಕೊಂಡಳು. ಆಣೆ ಮುರಿಯದೆಯೇ ಹೋದಳು. ಅವಳ ಹೆಸರಿನಲ್ಲಿ ಮಾಡಿದ ಶಿವಗಣಾರಾಧನೆಯ ದಿನ ಗುಡೂರಿನಿಂದ ಅವಳ ಗೆಳತಿ ಬಂದಿದ್ದಳು, ಬೆನ್ನು ಬಾಗಿದ ಮುದುಕಿ. ಊಟವಾದ ಮೇಲೆ ಪಡಸಾಲೆಯಲ್ಲಿ ಎಲೆ ಅಡಿಕೆ ಹಾಕಿಕೊಂಡು ನನ್ನ ಹೆಂಡತಿಯ ಮುಂದೆ ಮಾತಿಗೆ ಕೂತಳು. ಮಗಳು ಪಕ್ಕದಲ್ಲಿದ್ದಳು. ನಾನು ಬಾಗಿಲಲ್ಲಿ ನಿಂತಿದ್ದೆ.

"ಭಾಳ ತಾಳಿಕಿ ಹೆಣಮಗಳವಾ ನಿಮ್ಮತ್ತಿ" ಎಂದಳು ಮುದುಕಿ. "ಈ ಮಾಸ್ತರ ಏನ್ ಕಡಿಮಿ ಕಾಡ್ಯಾನೇನು? ಒಂದ ನಿಮಿಷ ಕುಂತವನಲ್ಲ. ಸಾಲ್ಯಾಗಿಂದ ಕಿಡಕಿ ಜಿಗದು ಓಡಿ ಬರ್ತಿದ್ದ. ಲಿಂಗ ಬಾವ್ಯಾಗ ಒಗದಿದ್ದ! ಗಂಡ ಹೆಂಡತಿ ಇಬ್ರೂ ಒಂದ ದಿನಾ ಕೈ ಎತ್ತಲಿಲ್ಲ. ಕುಂಟಿ ಹಿಂದ ಅಡ್ಡಾಡಿಸಿ ಅಡ್ಡಾಡಿಸಿ ಓದಿಸಿದ್ರವಾ ಇವನ್ನ."

ಮುದುಕಿ ನಗುತ್ತಿದ್ದಳು. ಬೇರೆ ಯಾರೂ ನಗಲಿಲ್ಲ. ಹೆಂಡತಿ ನನ್ನನ್ನೇ ನೋಡುತ್ತಿದ್ದಳು. ಮುದುಕಿ ಹೋದ ಮೇಲೆ ಅವಳು ಕೇಳಿದ್ದು ಒಂದೇ ಪ್ರಶ್ನೆ.

"ಬಾಗಲಕೋಟ್ಯಾಗ ಡಾಕ್ಟರು ಕೇಳಿದಾಗ ನಿಮಗ ಇದು ನೆನಪಿತ್ತೇನ್ರಿ?"

"ಇತ್ತು" ಎಂದೆ.

ಅವಳು ತಟ್ಟೆಗಳನ್ನು ಎತ್ತಿಕೊಂಡು ಒಳಗೆ ಹೋದಳು. ಬಸ್ಸಿನಲ್ಲಿ ತನ್ನ ಮೇಲೆ ಹೊತ್ತುಕೊಂಡದ್ದನ್ನು ನನ್ನ ಮೇಲೆ ಎಸೆಯಬಹುದಿತ್ತು, ಎಸೆಯಲಿಲ್ಲ. ಆ ದಿನದ ನಂತರ ಎಷ್ಟೋ ವರ್ಷ ನನ್ನ ಜೊತೆ ಸಂಸಾರ ಮಾಡಿದಳು. ಅಣ್ಣನ ಮಾತು ಮಾತ್ರ ನನ್ನ ಮುಂದೆ ಮತ್ತೆ ಎತ್ತಲಿಲ್ಲ.

ಮಗಳು ಕೂತಲ್ಲೇ ಇದ್ದಳು. ಆಗ ಅವಳಿಗೆ ಹದಿನೇಳು. ಬಯ್ಯುತ್ತಾಳೆ ಎಂದುಕೊಂಡೆ, ಬಯ್ಯಲಿ ಎಂದೂ ಅನಿಸಿತು. ಹತ್ತಿರ ಹೋಗಿ ಕೂತೆ. ಅವಳ ಮುಖದಲ್ಲಿ ಸಿಟ್ಟು ಇರಲಿಲ್ಲ. ಬಹಳ ದಿನ ಹುಡುಕಿದ್ದು ತಡವಾಗಿ ಸಿಕ್ಕವರ ಹಾಗೆ ನನ್ನ ಕಾಲುಗಳನ್ನು ನೋಡುತ್ತಿದ್ದಳು. ನಾನು ನೋಡಿಕೊಂಡೆ. ನನ್ನ ಬಲಗಾಲು ತನ್ನಷ್ಟಕ್ಕೆ ಅಲುಗುತ್ತಿತ್ತು.

"ಇಷ್ಟ ವರ್ಷ ಈ ಮನ್ಯಾಗ ನಾ ಒಬ್ಬಾಕಿನ ಹಿಂಗ ಅದೇನಿ ಅಂತ ತಿಳ್ಕೊಂಡಿದ್ದೆ ಅಪ್ಪಾ" ಎಂದಳು. "ನೀನೂ ಹಿಂಗ ಇದ್ದ್ಯಲ್ಲ."